ಅಫ್ಗನ್ ಆಟಗಾರ್ತಿಯರ ಪರ ಸಂಸದರು ದನಿ ಎತ್ತಬೇಕೆ?

ಪರ: ಎತ್ತಲೇಬೇಕು, ನಮ್ಮ ಸಂಸದರೂ ಎತ್ತಬೇಕು
(ಬಾಲಕಿಯರ ಕ್ರಿಕೆಟ್ ತರಬೇತುದಾರ್ತಿ, ಬೆಂಗಳೂರು)

2025ರ ಅಕ್ಟೋಬರ್ 10ರಂದು ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿದರು. ಒಳಗೆ ಒಬ್ಬ ಪತ್ರಕರ್ತೆಯೂ ಇರಲಿಲ್ಲ. ಪತ್ರಕರ್ತೆಯರು ಸಿಡಿದೆದ್ದರು. ರಾಹುಲ್ ಗಾಂಧಿ, ಪ್ರಿಯಾಂಕಾ, ಮಹುವಾ ಮೊಯಿತ್ರಾ ದನಿಗೂಡಿಸಿದರು. ಎರಡೇ ದಿನದಲ್ಲಿ ಅದೇ ಸಚಿವರು ಮತ್ತೊಂದು ಗೋಷ್ಠಿ ಕರೆದರು, ಪತ್ರಕರ್ತೆಯರು ಮುಂದಿನ ಸಾಲಿನಲ್ಲೇ ಕೂತು ಪ್ರಶ್ನೆ ಕೇಳಿದರು. ಸಂಸದರು ಮಾತಾಡಿದರೆ ತಾಲಿಬಾನ್ ಕದಲುವುದೇ ಎನ್ನುವವರು ಇದಕ್ಕೇನು ಹೇಳುತ್ತಾರೆ?

ಆಗ ನಮ್ಮ ನೆಲದಲ್ಲೇ ಮಹಿಳಾ ವಿಶ್ವಕಪ್ ನಡೆಯುತ್ತಿತ್ತು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕಪ್ ಎತ್ತಿದಾಗ ನನ್ನ ಹುಡುಗಿಯರು ಕುಣಿದಾಡಿದರು. ನನಗೆ ಖುಷಿಯ ಜೊತೆಗೇ ಸಿಟ್ಟೂ ಬಂತು. ಐಸಿಸಿಯ 12 ಪೂರ್ಣ ಸದಸ್ಯ ದೇಶಗಳಲ್ಲಿ ಮಹಿಳಾ ತಂಡವೇ ಇಲ್ಲದ್ದು ಅಫ್ಗಾನಿಸ್ತಾನ ಒಂದೇ. ಆಡುವವರು ಇರಲಿಲ್ಲವೆಂದಲ್ಲ. 2020ರ ನವೆಂಬರಿನಲ್ಲಿ ಅಲ್ಲಿನ ಮಂಡಳಿ 25 ಹುಡುಗಿಯರಿಗೆ ಗುತ್ತಿಗೆ ಕೊಟ್ಟಿತ್ತು. ಮರುವರ್ಷದ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲ್ ಹಿಡಿಯಿತು. ಆಡಿದ್ದರ ಗುರುತೂ ಉಳಿಯಬಾರದೆಂದು ಮನೆಯವರು ಪದಕ, ಪ್ರಮಾಣಪತ್ರ ಸುಟ್ಟರು. ಹೆಚ್ಚಿನವರು ತಪ್ಪಿಸಿಕೊಂಡು ಆಸ್ಟ್ರೇಲಿಯಾ ಸೇರಿದರು. 2024ರಲ್ಲಿ ಅವರು ಐಸಿಸಿಗೆ ಪತ್ರ ಬರೆದು, ನಿರಾಶ್ರಿತರ ತಂಡವಾಗಿಯಾದರೂ ಆಡಲು ಬಿಡಿ ಎಂದು ಕೇಳಿದರು. ಇಷ್ಟು ಕೇಳುವುದಕ್ಕೂ ಅವರ ಬೆನ್ನಿಗೆ ಒಂದು ಮಂಡಳಿಯಿಲ್ಲ, ಸರ್ಕಾರವಿಲ್ಲ. ಮತ ಹಾಕಲು ಒಂದು ಕ್ಷೇತ್ರವೂ ಇಲ್ಲ. ಅಂಥವರ ಪರ ಮಾತಾಡಲು ಬಾರದ ಜನಪ್ರತಿನಿಧಿ ಇನ್ಯಾರ ಪರ ಮಾತಾಡುತ್ತಾನೆ?

2025ರ ಜನವರಿಯಲ್ಲಿ ಬ್ರಿಟನ್ನಿನ 160ಕ್ಕೂ ಹೆಚ್ಚು ಸಂಸದರು, ಅಫ್ಗನ್ನರೊಂದಿಗೆ ಚಾಂಪಿಯನ್ಸ್ ಟ್ರೋಫಿ ಪಂದ್ಯ ಆಡಬೇಡಿ ಎಂದು ತಮ್ಮ ಮಂಡಳಿಗೆ ಪತ್ರ ಬರೆದರು. ಇಂಗ್ಲೆಂಡ್ ಆಡಿತು, 8 ರನ್ನಿಂದ ಸೋತಿತು. ಪತ್ರ ವ್ಯರ್ಥವಾಯಿತು ಎಂದು ಆಗ ಬರೆದವರಿದ್ದಾರೆ. ಆದರೆ ಏಪ್ರಿಲ್‌ನಲ್ಲಿ ಐಸಿಸಿ ಈ ಹುಡುಗಿಯರ ನೆರವಿಗೆ ಕಾರ್ಯಪಡೆ ರಚಿಸಿ ನಿಧಿ ಪ್ರಕಟಿಸಿತು. ಅದರಲ್ಲಿ ಬಿಸಿಸಿಐ ಕೂಡ ಇದೆ. ಮೂರೂವರೆ ವರ್ಷ ಸುಮ್ಮನಿದ್ದವರಿಗೆ ಆ ಹೊತ್ತಿಗೇ ಕರುಣೆ ಉಕ್ಕಿತೆಂದರೆ ನಾನಂತೂ ನಂಬುವುದಿಲ್ಲ.

ಅಫ್ಗನ್ ಪುರುಷರ ತಂಡ ಮೊದಲ ಟೆಸ್ಟ್ ಆಡಿದ್ದು ಎಲ್ಲಿ? ನಮ್ಮ ಚಿನ್ನಸ್ವಾಮಿಯಲ್ಲಿ, 2018ರ ಜೂನ್ 14ರಂದು. ನೊಯಿಡಾ, ಡೆಹ್ರಾಡೂನ್, ಲಖನೌಗಳಲ್ಲಿ ತವರು ಮೈದಾನ ಕೊಟ್ಟವರು ನಾವು. ಐಸಿಸಿ ಅಧ್ಯಕ್ಷ ಗಾದಿಯಲ್ಲಿರುವವರೂ ನಮ್ಮವರೇ. ಆಟಕ್ಕೂ ರಾಜಕೀಯಕ್ಕೂ ಗಂಟು ಹಾಕಬಾರದಂತೆ! 1974ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದೊಂದಿಗೆ ಡೇವಿಸ್ ಕಪ್ ಫೈನಲ್ ಆಡುವುದಿಲ್ಲ ಎಂದು ಕಪ್ಪನ್ನೇ ಬಿಟ್ಟುಕೊಟ್ಟ ದೇಶ ನಮ್ಮದು. ಲೋಕಸಭೆಯಲ್ಲಿ ಈ ಹುಡುಗಿಯರ ಪರವಾಗಿ ಒಂದು ಪ್ರಶ್ನೆ ಕೇಳಿ ಎಂದರೆ ಅದೇನು ದೊಡ್ಡ ತ್ಯಾಗವೇ?

ವಿರೋಧ: ಸದನ ಇದಕ್ಕೆ ತಕ್ಕ ಜಾಗವಲ್ಲ
(ಕ್ರೀಡಾ ಬರಹಗಾರ, ಮೈಸೂರು)

ಆ ಆಟಗಾರ್ತಿಯರಿಗೆ ಅನ್ಯಾಯವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸಂಸದರ ಬಹಿರಂಗ ಹೇಳಿಕೆ ಅದಕ್ಕೆ ಮದ್ದೇ ಎಂಬುದಷ್ಟೇ ಪ್ರಶ್ನೆ.

ಮೊದಲನೆಯದಾಗಿ, ಇಂಥ ಹೇಳಿಕೆಗಳು ಬಹಿಷ್ಕಾರಕ್ಕೇ ಹೋಗಿ ನಿಲ್ಲುತ್ತವೆ. ಬ್ರಿಟನ್ನಿನ ಸಂಸದರ ಪತ್ರವನ್ನು ಅವರದೇ ಕ್ರೀಡಾ ಸಚಿವಾಲಯ ಒಪ್ಪಲಿಲ್ಲ, ಪಂದ್ಯ ನಡೆಯಲಿ ಎಂದಿತು. ಅಫ್ಗನ್ ಪುರುಷರ ತಂಡವನ್ನು ಹೊರಗಿಟ್ಟರೆ ನೋವು ಯಾರಿಗೆ? 2024ರ ಡಿಸೆಂಬರಿನಲ್ಲಿ ತಾಲಿಬಾನ್ ಹೆಣ್ಣುಮಕ್ಕಳ ನರ್ಸಿಂಗ್ ಶಿಕ್ಷಣಕ್ಕೆ ತಡೆಯೊಡ್ಡಿದಾಗ ರಶೀದ್ ಖಾನ್, ಮೊಹಮ್ಮದ್ ನಬಿ ಬಹಿರಂಗವಾಗಿ ವಿರೋಧಿಸಿದರು. ಅವರ ಮಾತಿಗೆ ತೂಕ ಬಂದದ್ದು ಆಟದಿಂದ.

ಎರಡನೆಯದಾಗಿ, ದಕ್ಷಿಣ ಆಫ್ರಿಕಾದ ಹೋಲಿಕೆ ಇಲ್ಲಿ ಸಲ್ಲದು. ಅಲ್ಲಿನ ಬಿಳಿಯರ ಸರ್ಕಾರಕ್ಕೆ ಜಗತ್ತಿನ ಮೈದಾನಗಳು ಬೇಕಿದ್ದವು. ಆಟ ತಪ್ಪಿದರೆ ತಾಲಿಬಾನ್ ಅಷ್ಟು ಮರುಗುತ್ತದೆ ಎಂದು ನನಗನ್ನಿಸುವುದಿಲ್ಲ.

ಮೂರನೆಯದಾಗಿ, ಭಾರತ ಕಾಬೂಲಿನಲ್ಲಿ ಮತ್ತೆ ರಾಯಭಾರ ಕಚೇರಿ ತೆರೆದಿದೆ. ಆ ಎಳೆ ಹರಿಯಬಾರದು. ಆಟಗಾರ್ತಿಯರ ಬಂಧುಗಳಲ್ಲಿ ಅಲ್ಲೇ ಉಳಿದವರೂ ಇದ್ದಾರೆ. ಇಲ್ಲಿ ಸದನದಲ್ಲಿ ಹೆಸರು ಹಿಡಿದು ಮಾತಾಡಿದರೆ ಅಲ್ಲಿ ಬಾಗಿಲು ತಟ್ಟುವವರು ಯಾರೆಂದು ಯೋಚಿಸಬೇಕು. ಪತ್ರಿಕಾಗೋಷ್ಠಿಯ ಉದಾಹರಣೆ ಚೆನ್ನಾಗಿದೆ, ಆದರೆ ಅದು ನಡೆದದ್ದು ದೆಹಲಿಯಲ್ಲಿ, ಕಂದಹಾರಿನಲ್ಲಲ್ಲ.

ಈ ಹುಡುಗಿಯರು ಬದುಕಿ ಹೊರಬಂದದ್ದು ಭಾಷಣಗಳಿಂದಲ್ಲ. ಆಸ್ಟ್ರೇಲಿಯಾದ ಮಾಜಿ ಆಟಗಾರ್ತಿ ಮೆಲ್ ಜೋನ್ಸ್ ಮತ್ತು ಗೆಳತಿಯರು ಸದ್ದಿಲ್ಲದೆ ಓಡಾಡಿ ವೀಸಾ ಕೊಡಿಸಿದರು. ವೀಸಾ ಕೊಟ್ಟದ್ದು ಸರ್ಕಾರವೇ, ನಿಜ. ಅಧಿಕಾರದಲ್ಲಿರುವವರ ಮನಸ್ಸು ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಹಾಗಾದರೆ ನಮ್ಮ ಸಂಸದರೂ ಅದನ್ನೇ ಮಾಡಲಿ. ಆ ತಂಡ ಬೆಂಗಳೂರಿಗೆ ಬಂದು ಅಭ್ಯಾಸ ಮಾಡಲು ವೀಸಾ ಕೊಡಿಸಲಿ, ಬಿಸಿಸಿಐನಿಂದ ಮೈದಾನ ಕೊಡಿಸಲಿ, ನಮ್ಮ ರಾಜ್ಯ ತಂಡಗಳೊಂದಿಗೆ ಪಂದ್ಯ ಏರ್ಪಡಿಸಲಿ. ಇದಕ್ಕೆ ವಿದೇಶಾಂಗ ಸಚಿವರಿಗೆ ಒಂದು ಪತ್ರ ಬರೆಯಬೇಕಾದರೆ ಬರೆಯಲಿ. ಅದಕ್ಕೆ ನನ್ನ ತಕರಾರಿಲ್ಲ.