ಗೃಹಯಂತ್ರ ವಿಚಾರ: ಹಿಂಬದಿಯ ಸ್ಪೀಕರುಗಳ ಮೌನ

ಹಣ ತೆತ್ತು ಕೋಣೆಯ ಸುತ್ತಲೂ ಆರು ಸ್ಪೀಕರುಗಳನ್ನು ನಿಲ್ಲಿಸಿದ ಎಷ್ಟೋ ಮನೆಗಳಲ್ಲಿ ನಿಜವಾಗಿ ನುಡಿಯುವುವು ಎರಡೇ. ದೋಷವು ಬಹುಮಟ್ಟಿಗೆ ಸ್ಪೀಕರಿನದಲ್ಲ, ತಂತಿಯದು. ಡಿಸ್ಕ್ ಪ್ಲೇಯರಿನಿಂದ ರಿಸೀವರಿಗೆ ಕೆಂಪು-ಬಿಳಿ ತುದಿಗಳ ಜೋಡಿ ತಂತಿಯನ್ನೆಳೆದರೆ ಅದರಲ್ಲಿ ಎಡ, ಬಲಗಳೆಂಬ ಎರಡೇ ಧ್ವನಿಗಳು ಹರಿಯಬಲ್ಲುವು. ರಿಸೀವರು ಅವನ್ನೇ ಹಂಚಿ ಹಿಂಬದಿಗೂ ಕೊಡಬಹುದು. ಆದರೆ ಹಂಚಿದ್ದು ಹಂಚಿದ್ದೇ.

ಡಿ.ವಿ.ಡಿ.ಯ ಮೇಲೆ 5.1 ಎಂದು ಮುದ್ರಿಸಿದ್ದರೆ, ಐದು ದಿಕ್ಕಿನ ಧ್ವನಿಗಳೂ, ಮೃದಂಗದ ಎಡಭಾಗದ ನಾದದಂತಹ ಮಂದ್ರಕ್ಕೆ ಮೀಸಲಾದ ಇನ್ನೊಂದೂ ಅದರಲ್ಲಿರುವುವೆಂದು ತಿಳಿಯಬೇಕು. ಇವನ್ನು ಸಾಗಿಸಲು ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಕೇಬಲ್ ಸಾಕು. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿಯಂತಹ ಧ್ವನಿಗೆ ಅದು ಸಾಲದು, ಎಚ್.ಡಿ.ಎಂ.ಐ. ಕೇಬಲ್ಲೇ ಬೇಕು. ಒಂದನ್ನು ಪ್ಲೇಯರಿನಿಂದ ನೇರವಾಗಿ ರಿಸೀವರಿಗೂ, ಇನ್ನೊಂದನ್ನು ಅಲ್ಲಿಂದ ಟೆಲಿವಿಷನ್ನಿಗೂ ಜೋಡಿಸುವುದು ಲೇಸು. ಮೊದಲು ಟೆಲಿವಿಷನ್ನಿಗೆ ಕೊಟ್ಟು ರಿಸೀವರಿಗೆ ಮರಳಿಸಿದರೆ, ಕೆಲವು ಟೆಲಿವಿಷನ್ನುಗಳು ಎರಡು ಧ್ವನಿಗಳನ್ನು ಮಾತ್ರ ಮುಂದಕ್ಕೆ ಕಳುಹುವುವು. ಜೋಡಿಸುವಾಗ ವಿದ್ಯುತ್ತಿನ ಪ್ಲಗ್ಗುಗಳನ್ನು ಕಿತ್ತಿರತಕ್ಕದ್ದು.

ಆಪ್ಟಿಕಲ್ ಕೇಬಲ್ ಹಾಕಿಯೂ ಹಿಂಬದಿ ಮೌನವಾಗಿದ್ದರೆ, ಪ್ಲೇಯರಿನ ಆಡಿಯೊ ಪಟ್ಟಿಯಲ್ಲಿ ‘ಪಿಸಿಎಂ’ ಎಂದಿರುವುದನ್ನು ‘ಬಿಟ್‌ಸ್ಟ್ರೀಮ್’ ಎಂದು ಬದಲಿಸಬೇಕು. ಡಿಸ್ಕಿನ ಪಟ್ಟಿಯಲ್ಲಿಯೂ 5.1 ಧ್ವನಿಯನ್ನೇ ಆರಿಸಬೇಕು. ಹಲವರು ಮರೆಯುವುದು ಇದನ್ನೇ.

ಇಷ್ಟಾದರೂ “ಗದ್ದಲವೇ ಹೆಚ್ಚು, ಮಾತು ತಿಳಿಯದು” ಎಂದು ಮನೆಯ ಹಿರಿಯರು ಎದ್ದು ಹೋಗುವುದುಂಟು. ಅವರ ದೂರು ನ್ಯಾಯವಾದುದು. ಚಲನಚಿತ್ರದ ಸಂಭಾಷಣೆಯು ಹೆಚ್ಚಾಗಿ ನಡುವಿನ ಸ್ಪೀಕರಿನಿಂದಲೇ ಬರುವುದರಿಂದ, ಎಲ್ಲವನ್ನೂ ಜೋರು ಮಾಡದೆ, ರಿಸೀವರಿನಲ್ಲಿ ಅದೊಂದರ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿ, ಅವರನ್ನು ಮತ್ತೆ ಕರೆದು ಕೂರಿಸಿ ಕೇಳಿಸಬಹುದು.