ಗಾಡಿ ತಗ್ಗಿಸಬ್ಯಾಡಿ, ಮೆಟ್ಟಿಲು ಇಕ್ಕಿ

ನಮ್ಮ ನಂಜನಗೂಡು, ಟಿ. ನರಸೀಪುರದ ಕಡೆ ಜಮೀನಿರೋ ಮನೆಗಳ ಮುಂದೆ ಈಗ ಪಿಕಪ್ ಗಾಡಿ ನಿಂತಿರೋದು ಮಾಮೂಲು. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನಿನ ತೊಟ್ಟಿ. ಒಸಿ ಕಾಸಿರೋರು ನಾಕು ಚಕ್ರವೂ ಎಳೆಯೋ ಫೋರ್ ವೀಲ್ ಗಾಡೀನೇ ತರ್ತಾರೆ. ಗದ್ದೆ ಕೆಸರಿಗೆ, ಚಾನಲ್ ಏರಿಗೆ ಅದು ಬೇಕು, ಬ್ಯಾಡ ಅನ್ನಲ್ಲ. ಆದ್ರೆ ಮಂಡಿ ನೋವಿರೋ ಹೆಂಗುಸ್ರು ಸೀರೆ ಉಟ್ಕೊಂಡು ಅದನ್ನ ಹತ್ತೋದು ಹೆಂಗೆ? ಅದಕ್ಕೆ ನಮ್ಮ ಹೈಕ್ಳು ಹೇಳೋ ಔಷಧಿ ಒಂದೇ: "ಗಾಡೀನೇ ತಗ್ಗಿಸ್ಬುಡಾನ ಕಣಮ್ಮ." ಇದನ್ನ ನಾನು ಒಪ್ಪಕ್ಕಿಲ್ಲ.

ಮೊದ್ಲು ಲೆಕ್ಕ ನೋಡಿ. ನಮ್ಮನೆ ಗಾಡೀನ ನಾನೇ ಟೇಪ್ ಹಿಡಿದು ಅಳೆದೆ. ನೆಲದಿಂದ ಬಾಗಿಲ ಹೊಸ್ತಿಲಿಗೆ 24 ಇಂಚು. ನಮ್ಮ ಜಗಲಿ ಮೆಟ್ಟಿಲು 7 ಇಂಚು. ಗ್ಯಾರೇಜಿನೋರು ತಗ್ಗಿಸ್ತೀವಿ ಅಂದಿದ್ದು 2 ಇಂಚು. ಸಾವಿರಾರು ರೂಪಾಯಿ ಸುರಿದ ಮೇಲೂ 22 ಇಂಚು ಹಂಗೇ ಉಳೀತದೆ. ಮೂರು ಮೆಟ್ಟಿಲು ಒಂದೇ ಹೆಜ್ಜೇಲಿ ಹತ್ತು ಅಂದಂಗೇ ಅಲ್ವಾ? ಅದೇ 15 ಇಂಚು ಎತ್ತರದಲ್ಲಿ ಒಂದು ಫುಟ್‌ಸ್ಟೆಪ್ ಇಕ್ಸಿ, ಕೆಳಗೆ 7 ಇಂಚಿನ ಮರದ ಮಣೆ ಇಟ್ರೆ? ಏಳು, ಎಂಟು, ಒಂಬತ್ತು. ಮೂರೇ ಹೆಜ್ಜೆ, ಒಳಗೆ ಕೂತಿರ್ತೀವಿ. ಹಿಡ್ಕೊಳ್ಳಕ್ಕೆ ಬಾಗಿಲ ಪಕ್ಕ ಒಂದು ಗಟ್ಟಿ ಹಿಡಿ ಇರ್ಬೇಕು, ಅಷ್ಟೇಯ.

ಇನ್ನು ತಗ್ಗಿಸಿದ್ರೆ ಗಾಡಿ ಗತಿ ಏನಾಯ್ತದೆ? ಕಂಪನಿಯೋರು ಆ ಎತ್ತರ ಸುಮ್ನೆ ಇಟ್ಟಿರಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟು ಗೊಬ್ಬರದ ಮೂಟೆ, ಬೆಲ್ಲ, ಭತ್ತದ ಭಾರ ಹೊರಕ್ಕಿರೋದು. ಮೊದ್ಲೇ ತಗ್ಗಿಸ್ಬುಟ್ರೆ, ಭಾರ ಬಿದ್ದಾಗ ಕುಗ್ಗಕ್ಕೆ ಜಾಗ ಇರಲ್ಲ, ಹಳ್ಳ ಬಂದ್ರೆ ದಡಾರ್ ಅಂತ ಕುಟ್ತದೆ. ಫೋರ್ ವೀಲ್‌ನಲ್ಲಿ ಮುಂದಿನ ಚಕ್ರಕ್ಕೂ ತಿರುಗೋ ಶಾಫ್ಟ್ ಇರ್ತದಲ್ಲ, ಅದರ ಓರೆ ಬದಲಾಗಿ ರಬ್ಬರ್ ಬೂಟು ಬೇಗ ಹರೀತದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಭಾರ ನೋಡ್ಕೊಂಡು ಬ್ರೇಕ್ ಹಂಚೋ ವಾಲ್ವ್ ಒಂದಿರ್ತದೆ. ಗಾಡಿ ತಗ್ಗಿದ್ರೆ ಅದು ಲೋಡ್ ಇದೆ ಅಂತ ತಿಳ್ಕೊಂಡು, ಖಾಲಿ ಗಾಡೀಲೂ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡ್ತದೆ. ಮಳೇಲಿ ಗಾಡಿ ಜಾರಿದ್ರೆ ಒಳಗೆ ಕೂತಿರೋರು ಯಾರು? ನಾವೇ ತಾನೆ!

ನಮ್ಮೂರಿನ ನೆಲಾನೂ ನೋಡ್ಬೇಕು. ಕಬಿನಿ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಹತ್ರ ಮೈಸೂರು ರಸ್ತೆ ಮೇಲೇ ನೀರು ನಿಂತಿತ್ತು. ಹೊಳೆ ನೀರಿಗೆ ಗಾಡಿ ನುಗ್ಸಿ ಅಂತ ಹೇಳ್ತಿಲ್ಲ. ನೀರು ಇಳಿದ ಮೇಲೆ ಉಳಿಯೋ ಕೆಸರಲ್ಲಿ, ಗುಂಡೀಲಿ ಈ ಎತ್ತರವೇ ಕಾಯೋದು. ಅದಕ್ಕೇ ಅಂತ ದುಡ್ಡು ಕೊಟ್ಟು ಗಾಡಿ ತಂದು, ಆಮೇಲೆ ಮತ್ತೆ ದುಡ್ಡು ಕೊಟ್ಟು ಅದನ್ನೇ ಕುಯ್ಸೋದು ಯಾವ ಬುದ್ಧಿವಂತಿಕೆ?

ಕಾನೂನೂ ಒಂದದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪಾನ ನಮ್ಮಿಷ್ಟಕ್ಕೆ ಬದಲಾಯಿಸಂಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ನಾಳೆ ಏನಾರ ಆದ್ರೆ ಇನ್ಶೂರೆನ್ಸಿನೋರು ತಗಾದೆ ತೆಗೀಬೌದು. ಕೆಲವರು "ಹಿಂದಿನ ತೊಟ್ಟಿಗೂ ಹತ್ತಕ್ಕೆ ಸಲೀಸಾಯ್ತದೆ" ಅಂತಾರೆ. ತೊಟ್ಟಿ ಸಾಮಾನಿಗೆ. ಜಾತ್ರೆಗೆ ಅಂತ ಅದರಲ್ಲಿ ಹೆಂಗುಸ್ರು ಮಕ್ಕಳನ್ನ ತುಂಬ್ಕೊಂಡು ಹೋಗೋದೇ ತಪ್ಪು.

"ಅಷ್ಟೆಲ್ಲ ಯಾಕೆ, ನಾವೇ ಎತ್ತಿ ಕೂರಿಸ್ತೀವಿ ಬುಡಿ" ಅನ್ನೋರೂ ಅವ್ರೆ. ಅವರಿಗೆ ನನ್ನ ಮಾತಿದು. ನಮ್ಮತ್ತೆಯೋರಿಗೆ ಎಪ್ಪತ್ತೆಂಟು ವರ್ಷ. ಹುಣ್ಣಿಮೆ ಬಂದ್ರೆ ನಂಜುಂಡೇಶ್ವರನ ದರ್ಶನ ತಪ್ಪಿಸ್ದೋರಲ್ಲ. ಈ ಗಾಡಿ ಬಂದ ಮೇಲೆ "ನೀವು ಹೋಗ್ಬನ್ನಿ, ನಾನು ಮನೆ ಕಾಯ್ತೀನಿ" ಅನ್ನಕ್ಕೆ ಶುರು ಮಾಡಿದ್ರು. ಮಂಡಿ ನೋವು ಒಂದು ನೆಪ. ಬೀದಿ ಜನರ ಎದುರಿಗೆ ಮೊಮ್ಮಗ ಮೂಟೆ ಎತ್ತಿದಂಗೆ ಎತ್ತಿ ಹಾಕ್ತಾನಲ್ಲ, ಆ ನಾಚಿಕೆ ಅವರನ್ನ ಮನೇಲಿ ಕೂರಿಸಿದ್ದು. ವಯಸ್ಸಾದೋರಿಗೂ ತನ್ನ ಕಾಲಲ್ಲೇ ಹತ್ತಿದೆ ಅನ್ನೋ ಮರ್ಯಾದೆ ಬ್ಯಾಡವಾ?

ನಿಜ ಹೇಳ್ಬೇಕಂದ್ರೆ, ತಗ್ಗಿಸೋ ಆಸೆ ನಮಗೋಸ್ಕರ ಅಲ್ಲವೇ ಅಲ್ಲ. ಮೊಬೈಲಲ್ಲಿ ನೋಡಿರೋ ಸೋಕಿ ಅದು. ಹೆಸರು ಮಾತ್ರ ಅಮ್ಮಂದು, ಅಜ್ಜೀದು. ನಮಗೋಸ್ಕರ ಆಗಿದ್ರೆ ನಮ್ಮನ್ನ ಕೇಳ್ತಿದ್ರು, ಮಂಡಿ ಎಷ್ಟು ಎತ್ತಕ್ಕಾಯ್ತದೆ ಅಂತ ಅಳೀತಿದ್ರು. ನಂಜನಗೂಡಿನ ದೊಡ್ಡ ತೇರು ಎತ್ತರ ಆಯ್ತು ಅಂತ ಯಾರಾರ ಅದರ ಚಕ್ರ ಕುಯ್ದವರುಂಟಾ?

ಅಕ್ಕತಂಗೇರೇ, ಗಾಡಿ ತರೋ ಮುಂಚೆನೇ ಬಾಯಿ ತೆಗೀರಿ. ಶೋರೂಮಿಗೆ ಮನೇಲಿರೋ ಹಿರಿಯೋರನ್ನ ಕರ್ಕೊಂಡೋಗಿ, ಸೀರೇಲೇ ಹತ್ತಿಸಿ ಇಳಿಸಿ ನೋಡಿ. ಫುಟ್‌ಸ್ಟೆಪ್ಪು, ಹಿಡಿ ಎರಡೂ ಗಾಡಿ ಜೊತೇಲೇ ಕೇಳಿ. ಚಾಸಿಗೆ ಬೋಲ್ಟ್ ಹಾಕಿ ಬಿಗಿದಿರ್ಬೇಕು, ಕಾಲಿಟ್ರೆ ಜಾರಬಾರ್ದು. ಟೈರು, ಮ್ಯೂಸಿಕ್ಕು, ಸ್ಟಿಕ್ಕರ್‌ಗೆ ದುಡ್ಡಿರೋ ಮನೇಲಿ ಒಂದು ಮೆಟ್ಟಿಲಿಗೆ ದುಡ್ಡಿಲ್ಲ ಅಂದ್ರೆ ನಂಬಬ್ಯಾಡಿ.