ಹಸಿರಿನ ಲೆಕ್ಕಕ್ಕೆ ಸಿಗದ ಪೊಟರೆಗಳು

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿಗತಿ ವರದಿ ಪ್ರಕಟಿಸುತ್ತದೆ. ಅದರ ಪ್ರಕಾರ ಕೊಡಗಿನ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಅರಣ್ಯ ಹೊದಿಕೆಯ ಅಡಿಯಲ್ಲಿದೆ. ಓದಿದವರಿಗೆ ಸಮಾಧಾನವಾಗುವ ಮಾತು. ಆದರೆ ಆ ಲೆಕ್ಕದ ನಿಯಮವನ್ನೂ ಓದಬೇಕು. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಕನಿಷ್ಠ ಶೇ 10ರಷ್ಟು ನೆಲಕ್ಕೆ ಮರಗಳ ನೆತ್ತಿಯ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದು, ಮರ ಯಾವ ಜಾತಿಯದು ಎಂದು ಉಪಗ್ರಹ ಕೇಳುವುದಿಲ್ಲ. ಅತ್ತಿ, ಗೋಣಿ, ಬೀಟೆ, ಹೆಬ್ಬಲಸು ನಿಂತ ಹಳೆಯ ಕಾಫಿ ತೋಟವೂ, ಅವನ್ನೆಲ್ಲ ತೆಗೆದು ಸಾಲಾಗಿ ಸಿಲ್ವರ್ ಓಕ್ ನೆಟ್ಟ ಹೊಸ ತೋಟವೂ ಆ ಲೆಕ್ಕದಲ್ಲಿ ಒಂದೇ.

ಮಂಗಟ್ಟೆಗೆ ಅವೆರಡೂ ಒಂದೇ ಅಲ್ಲ.

ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ದೊಡ್ಡ ಕೊಕ್ಕಿದ್ದರೂ ಅದು ಮರಕುಟಿಕದಂತೆ ಮರ ಕೊರೆದು ಗೂಡು ಮಾಡಿಕೊಳ್ಳಲಾರದು. ಕೊಂಬೆ ಮುರಿದ ಜಾಗದಲ್ಲಿ ನೀರಿಳಿದು, ಅಣಬೆ ಹತ್ತಿ, ತಿರುಳು ಕೊಳೆತು ಪೊಟರೆಯಾಗಲು ದಶಕಗಳೇ ಬೇಕು. ಅಂಥ ಪೊಟರೆ ಸಿಕ್ಕಮೇಲೆ ಹೆಣ್ಣು ಒಳಹೊಕ್ಕು ಬಾಯಿಗೆ ಗಾರೆ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸುಮಾರು ಮೂರು ತಿಂಗಳು ಅದು ಅಲ್ಲೇ ಬಂದಿ. ಹಣ್ಣು, ಹುಳು, ಓತಿಕೇತ ತಂದುಕೊಡುವ ಗಂಡೇ ಅದಕ್ಕೂ ಮರಿಗಳಿಗೂ ಆಸರೆ. ಒಮ್ಮೆ ಒಪ್ಪಿದ ಪೊಟರೆಗೆ ಜೋಡಿ ವರ್ಷ ವರ್ಷವೂ ಮರಳುತ್ತದೆ. ಆ ಮರ ಉರುಳಿದರೆ ಅಂಥ ಇನ್ನೊಂದು ಸಿದ್ಧವಾಗುವುದು ಬೆಳೆಗಾರನ ಮೊಮ್ಮಕ್ಕಳ ಕಾಲಕ್ಕೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ನೆಟ್ಟಗೆ, ಬೇಗ ಬೆಳೆಯುತ್ತದೆ. ಹೂ ಬಿಟ್ಟಾಗ ಮಕರಂದಕ್ಕೆ ಹಕ್ಕಿಗಳು ಬರುವುದೂ ನಿಜ. ಆದರೆ ತಿರುಳಿಲ್ಲದ ಅದರ ಒಣ ಕಾಯಿ ಮಂಗಟ್ಟೆಯ ಹೊಟ್ಟೆಗೆ ಆಗದು, ಪೊಟರೆ ಮೂಡುವ ವಯಸ್ಸಿನವರೆಗೆ ಅದನ್ನು ಉಳಿಸುವವರೂ ಇಲ್ಲ.

ಕಾಡಿನ ಹಕ್ಕಿಗಳ ಸಂರಕ್ಷಣೆ ಎಂದಾಗ ನಮ್ಮ ಮಾತು ಅಭಯಾರಣ್ಯದ ಗಡಿಯಲ್ಲೇ ನಿಂತುಬಿಡುತ್ತದೆ. ದಾಂಡೇಲಿ ಭಾಗದ ಕಾಡನ್ನು 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಳ್ಳೆಯ ಕೆಲಸ. ದಕ್ಷಿಣ ಭಾರತದ ನಾಲ್ಕೂ ಜಾತಿಯ ಮಂಗಟ್ಟೆಗಳು ಅಲ್ಲಿವೆ. ಆದರೆ ಹಣ್ಣು ಅರಸಿ ಮೈಲುಗಟ್ಟಲೆ ಹಾರುವ ಹಕ್ಕಿಗೆ ಗಡಿಕಲ್ಲು ಕಾಣದು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕೊಡುವ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳು ಪುಷ್ಪಗಿರಿ, ಬ್ರಹ್ಮಗಿರಿ, ಭದ್ರಾ ಕಾಡುಗಳ ಮಗ್ಗುಲಿಗೇ ಹಬ್ಬಿವೆ. ಕೊಡಗಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಈ ತೋಟಗಳ ನಡುವೆ ಹರಡಿವೆ. ಕಾಡಿನಿಂದ ದೇವರಕಾಡಿಗೆ ಹಕ್ಕಿ ತಲುಪುವುದು ತೋಟದ ಮರಗಳ ಮೇಲೆಯೇ.

ಇದನ್ನು ತೋರಿಸುವ ಅಧ್ಯಯನಗಳಿವೆ. ಷಾರ್ಲಟ್ ಚಾಂಗ್, ಕೃತಿ ಕಾರಂತ ಮತ್ತು ಪಾಲ್ ರಾಬಿನ್ಸ್ ಅರೇಬಿಕಾ, ರೋಬಸ್ಟಾ ತೋಟಗಳ ಹಕ್ಕಿಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕಾಡನ್ನೇ ನೆಚ್ಚಿದ 79 ಜಾತಿಯ ಹಕ್ಕಿಗಳು ಈ ತೋಟಗಳಲ್ಲಿ ದಾಖಲಾದವು. ಅರೇಬಿಕಾ ತೋಟದಲ್ಲಿ ಮರಗಳ ನೆರಳು ಶೇ 95ರ ಆಸುಪಾಸು, ರೋಬಸ್ಟಾದಲ್ಲಿ ಶೇ 80. ಬಿಸಿಲು ಬೇಡುವ ಬೆಳೆ ಎಂದು ಹೆಸರಾದ ರೋಬಸ್ಟಾ ತೋಟವೂ ಹಕ್ಕಿಗಳಿಗೆ ಬರಡಾಗಿರಲಿಲ್ಲ. ಬ್ರೆಜಿಲ್, ವಿಯೆಟ್ನಾಂನ ಬಿಸಿಲು ತೋಟಗಳಿಗೆ ಹೋಲಿಸಿದರೆ ಇದು ನಮ್ಮ ಬೆಳೆಗಾರರು ಹೆಮ್ಮೆಪಡಬೇಕಾದ ಸಂಗತಿ. ಅವರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಪರಿಸರದ ಬಗ್ಗೆ ಬರೆಯುವ ನಾವು ಕೊಟ್ಟದ್ದು ಕಡಿಮೆ.

ಹಾಗೆಂದು ತೋಟವೇ ಕಾಡು ಎನ್ನಲಾಗದು. ಹಕ್ಕಿಗಳ ಜಾತಿ ಎಣಿಸಿ ಕೂಡಿದ ಮೊತ್ತ ಬಹಳ ಸಲ ದಾರಿ ತಪ್ಪಿಸುತ್ತದೆ. ಕಾಡು ಸ್ವಲ್ಪ ಬಯಲಾದೊಡನೆ ಗೊರವಂಕ, ಪಿಕಳಾರ, ಮಡಿವಾಳದಂಥ ಎಲ್ಲೆಡೆ ಬದುಕಬಲ್ಲ ಹಕ್ಕಿಗಳು ಒಳಬರುತ್ತವೆ. ಪಟ್ಟಿ ಕುಗ್ಗುವ ಬದಲು ಹಿಗ್ಗಿದರೂ ಹಿಗ್ಗೀತು. ಸದ್ದಿಲ್ಲದೆ ಪಟ್ಟಿಯಿಂದ ಜಾರುವುದು ಕಾಡಿನ ಒಳಮರೆಯ ಜೀವಗಳು: ಮಬ್ಬುಗತ್ತಲಲ್ಲಿ ಅಲುಗದೆ ಕೂರುವ ಕಾಕರಣೆ, ತರಗೆಲೆ ಕೆದಕುವ ಹರಟೆಮಲ್ಲಗಳು, ಪೊದೆಯಲ್ಲಿ ಹುಳು ಹಿಡಿಯುವ ನೊಣಹಿಡುಕಗಳು. ತೋಟದ ಮೇಲ್ನೆರಳು ಎಷ್ಟೇ ದಟ್ಟವಾಗಿರಲಿ, ಕೆಳಗೆ ಇರುವುದು ಕಾಫಿ ಗಿಡ ಒಂದೇ. ಕಳೆ ತೆಗೆದ ನೆಲದಲ್ಲಿ ಆ ಹಕ್ಕಿಗಳಿಗೆ ಬದುಕು ಕಷ್ಟ.

ಅಣಶಿಯ ಕಾಡಿನಲ್ಲಿ ಹರಿ ಶ್ರೀಧರ್ ಮತ್ತು ಕಾರ್ತಿಕ್ ಶಂಕರ್ ನಡೆಸಿದ ಅಧ್ಯಯನ ಇನ್ನೊಂದು ಸಂಗತಿಯತ್ತ ಕಣ್ಣು ತೆರೆಸುತ್ತದೆ. ಅಲ್ಲಿ ಹುಳು ತಿನ್ನುವ ಹತ್ತಾರು ಜಾತಿಯ ಹಕ್ಕಿಗಳು ಕೂಡಿ ಮಿಶ್ರ ಹಿಂಡಾಗಿ ಮೇಯುತ್ತವೆ. ಭೀಮರಾಜ ಹದ್ದಿನ ಸುಳಿವು ಸಿಕ್ಕೊಡನೆ ಕೂಗಿ ಎಚ್ಚರಿಸುತ್ತದೆ. ಇತರ ಹಕ್ಕಿಗಳು ಎಲೆ ಕೆದಕಿ ಎಬ್ಬಿಸಿದ ಹುಳುವನ್ನು ಅದು ಗಾಳಿಯಲ್ಲೇ ಹಿಡಿಯುತ್ತದೆ. ಹಕ್ಕಿಯ ನೆಲೆ ಎಂದರೆ ಮರಗಳಷ್ಟೇ ಅಲ್ಲದೆ ಜೊತೆಗಾರ ಹಕ್ಕಿಗಳೂ ಹೌದು ಎಂದಾಯಿತು. ಹಿಂಡನ್ನು ಕೂಡಿಸುವ ಒಂದೆರಡು ಜಾತಿ ವಿರಳವಾದರೆ ಉಳಿದವುಗಳ ಬದುಕೂ ಬಡವಾಗಬಹುದು. ಯಾವ ಉಪಗ್ರಹ ಚಿತ್ರದಲ್ಲೂ ಇದು ಮೂಡುವುದಿಲ್ಲ. ನಸುಕಿಗೇ ಕಾಡು ಹೊಕ್ಕು, ಜಿಗಣೆ ಕಚ್ಚಿಸಿಕೊಂಡು, ಕಾಣದ ಹಕ್ಕಿಯನ್ನು ಕೂಗಿನಿಂದಲೇ ಗುರುತಿಸಿ ಬರೆದುಕೊಳ್ಳುವವರಿದ್ದರೆ ಮಾತ್ರ ತಿಳಿಯುವಂಥದ್ದು. ಇಂಥ ಕ್ಷೇತ್ರಕಾರ್ಯಕ್ಕೆ ನಮ್ಮಲ್ಲಿ ಸಿಗುವ ಹಣ ಎರಡು ಮೂರು ವರ್ಷದ ಯೋಜನೆಗೆ ಮುಗಿಯುತ್ತದೆ. ಮರ ಬದುಕುವುದು ನೂರಾರು ವರ್ಷ. ಮಂಗಟ್ಟೆಗೂ ದಶಕಗಳ ಆಯಸ್ಸು. ಗೂಡುಕಟ್ಟುವುದು ನಿಂತ ಮೇಲೂ ಮುದಿ ಹಕ್ಕಿಗಳು ವರ್ಷಗಟ್ಟಲೆ ತೋಟದ ಮೇಲೆ ಹಾರುತ್ತಲೇ ಇರುತ್ತವೆ. ಹಕ್ಕಿ ಕಂಡಿತು, ಎಲ್ಲ ಸರಿಯಿದೆ ಎಂದು ನಾವು ನಂಬಿರುತ್ತೇವೆ.

ಹಲವು ಸಂಸ್ಥೆಗಳು ಸೇರಿ 2023ರಲ್ಲಿ ಪ್ರಕಟಿಸಿದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338ಕ್ಕೆ ಮಾತ್ರ. ಅವುಗಳಲ್ಲಿ 204 ಇಳಿಮುಖ. ನನ್ನನ್ನು ಹೆಚ್ಚು ಕಾಡುವುದು ಏನೂ ಹೇಳಲಾಗದೆ ಉಳಿದ ಆರುನೂರು ಜಾತಿಗಳು.

ಇನ್ನು ಕಾನೂನಿಗೆ ಬರೋಣ. ಎಲ್ಲಕ್ಕಿಂತ ದೊಡ್ಡ ತೊಡಕು ಅಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಬೇಡದ ಜಾತಿಗಳ ಪಟ್ಟಿಯಲ್ಲಿ ನೀಲಗಿರಿ, ಗಾಳಿಮರ, ಸುಬಾಬುಲ್ ಜೊತೆ ಸಿಲ್ವರ್ ಇದೆ. ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಗಂಟು: ಅನ್‌ರಿಡೀಮ್ಡ್, ಅಂದರೆ ಮರಗಳ ಹಕ್ಕನ್ನು ಬಿಡಿಸಿಕೊಳ್ಳದ, ಜಮೀನಿನಲ್ಲಿ ಮರದ ಹಕ್ಕೇ ಸರ್ಕಾರದ್ದು. ಬೆಳೆಗಾರ ನೋಡಿಕೊಂಡ ಬೀಟೆ, ಹೊನ್ನೆ ಅವನದಲ್ಲ. ಕಾಪಾಡುವ ಉದ್ದೇಶದಿಂದಲೇ ಬಂದ ಈ ನಿಯಮಗಳ ಫಲ ತೋಟದಲ್ಲಿ ತಲೆಕೆಳಗಾಗಿದೆ. ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಕಾಡುಮರದ ಸಸಿ ಬೆಳೆದರೆ ಮುಂದೆ ಕಚೇರಿ ಅಲೆದಾಟ. ಸಿಲ್ವರ್ ನೆಟ್ಟರೆ ಮೆಣಸಿನ ಬಳ್ಳಿಗೆ ಆಧಾರ, ಬೇಕಾದಾಗ ಕಡಿದರೆ ಕೈಗೆ ಕಾಸು. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಿಗಿರುವ ಸಣ್ಣ ಬೆಳೆಗಾರ ಸಿಲ್ವರ್ ಆರಿಸಿಕೊಂಡರೆ ಅವನನ್ನು ದೂರುವ ನೈತಿಕ ಹಕ್ಕು ನಮಗಿಲ್ಲ. ಕಾಡುಮರದ ಸಸಿ ಕಳೆಯ ಜೊತೆ ಕತ್ತಿಗೆ ಬೀಳುತ್ತದೆ. ಇಂದು ನಿಂತಿರುವ ಮುದಿ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರುವ ಮಧ್ಯವಯಸ್ಸಿನ ಮರಗಳೇ ಬಹಳ ತೋಟಗಳಲ್ಲಿ ಇಲ್ಲ.

ಹೊರದೇಶದ ಮಾರುಕಟ್ಟೆ ಸರಿಮಾಡೀತು ಎಂಬ ನಿರೀಕ್ಷೆಯೂ ಬೇಡ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮ ಕಾಫಿಗೂ ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅದರ ಜಾರಿ ಮುಂದಕ್ಕೆ ಹೋಗುತ್ತಲೇ ಇದೆ. ಜಾರಿಯಾದರೂ, ಆ ನಿಯಮದ ಕಣ್ಣಿಗೆ ಮರಗಳ ನಡುವಿನ ಕಾಫಿ ತೋಟ ಕೃಷಿಭೂಮಿಯೇ ಹೊರತು ಕಾಡಲ್ಲ. ಒಳಗಿನ ಗೋಣಿ ಮರ ಹೋಗಿ ಸಿಲ್ವರ್ ಬಂದರೆ ಅದು ಅರಣ್ಯನಾಶವೆನಿಸುವುದಿಲ್ಲ. ನಮ್ಮ ಸರ್ಕಾರದ ಲೆಕ್ಕದಲ್ಲಿ ಅದೇ ತೋಟ ಅರಣ್ಯ ಹೊದಿಕೆ, ಅವರ ಲೆಕ್ಕದಲ್ಲಿ ಹೊಲ. ಮರದ ಜಾತಿಯನ್ನು ಇಬ್ಬರೂ ಕೇಳುವುದಿಲ್ಲ. ಇತ್ತ 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿತು. ಬೆಲೆ ಏರಿದಾಗ ನೆರಳು ತೆಗೆದು ಇಳುವರಿ ಹೆಚ್ಚಿಸುವ ಆಸೆ ಸಹಜ.

ಹಾಳಾದ ನೆಲೆಯನ್ನು ಮರಳಿ ಕಟ್ಟಲು ಬರುತ್ತದೆ ಎಂಬುದಕ್ಕೂ ಪುರಾವೆಯಿದೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ದಿವ್ಯಾ ಮುದ್ದಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು ತಮಿಳುನಾಡಿನ ವಾಲ್‌ಪಾರೈಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚಹಾ, ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ಕಳೆ ತೆಗೆದು, ಅಲ್ಲಿನದೇ ಮರಗಳ ಸಸಿ ನೆಟ್ಟು ಸಲಹುತ್ತಿದ್ದಾರೆ. ಹೀಗೆ ಸಲಹಿದ ತುಣುಕುಗಳಲ್ಲಿ ಮಳೆಕಾಡಿನ ಹಕ್ಕಿಗಳು ತಾವಾಗಿ ಬೆಳೆಯಲು ಬಿಟ್ಟ ತುಣುಕುಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದನ್ನು ಅವರ ತಂಡ ದಾಖಲಿಸಿದೆ. ಅಲ್ಲಿನ ಕಾಫಿ ತೋಟಗಳ ಹಳೆಯ ಮರಗಳಲ್ಲಿ ದೊಡ್ಡ ಮಂಗಟ್ಟೆಯೂ ಗೂಡುಕಟ್ಟುತ್ತದೆ. ಅರುಣಾಚಲದ ಪಕ್ಕೆಯಲ್ಲಿ ಅಪರಾಜಿತಾ ದತ್ತ ಮತ್ತು ಸಂಗಡಿಗರು ಹಳ್ಳಿಗರೊಂದಿಗೆ ಸೇರಿ ಗೂಡು ದತ್ತು ಯೋಜನೆ ನಡೆಸುತ್ತಿದ್ದಾರೆ. ದೂರದ ನಗರದವರು ಹಣ ಕೊಡುತ್ತಾರೆ, ಅಲ್ಲಿನ ನಿಶಿ ಬುಡಕಟ್ಟಿನ ಜನ ಗೂಡಿನ ಮರಗಳನ್ನು ಕಾಯುತ್ತಾರೆ.

ಇಂಥ ಪ್ರಯತ್ನಗಳನ್ನು ನಮ್ಮ ಮಲೆನಾಡಿಗೆ ಒಗ್ಗಿಸಿಕೊಳ್ಳುವುದು ಕಷ್ಟವೇನಲ್ಲ. ಮೊದಲು ಬೆಳೆಗಾರ ತಾನೇ ನೆಟ್ಟು ಸಾಕಿದ ಕಾಡುಮರವನ್ನು ದಾಖಲೆಗೆ ತಂದು, ಅದರ ಹಕ್ಕನ್ನು ಅನುಮಾನಕ್ಕೆಡೆಯಿಲ್ಲದಂತೆ ಅವನಿಗೇ ಕೊಡಬೇಕು. ನಾಳೆ ಕಡಿಯಬಹುದು ಎಂಬ ಭರವಸೆ ಇದ್ದವನು ಇಂದು ನೆಡುತ್ತಾನೆ. ಇದಕ್ಕೆ ಅರಣ್ಯ ಇಲಾಖೆಯಲ್ಲಿ ವಿರೋಧವಿದೆ. ಕಳ್ಳಸಾಗಣೆಯ ಭಯವೂ ಸುಳ್ಳಲ್ಲ. ಆದರೆ ಭಯದಿಂದ ಹುಟ್ಟಿದ ನಿಯಮ ಐದು ದಶಕದಲ್ಲಿ ಯಾವ ಮರವನ್ನು ಬೆಳೆಸಿತು ಎಂಬುದು ತೋಟದಲ್ಲೇ ಕಾಣುತ್ತಿದೆ. ಎರಡನೆಯದಾಗಿ ಪೊಟರೆ ಇರುವ, ಹಕ್ಕಿ ಗೂಡುಕಟ್ಟುವ ಹಳೆಯ ಮರಗಳನ್ನು ಊರವಾರು ಗುರುತಿಸಿ, ನಿಂತಿರುವಷ್ಟು ಕಾಲ ಮಾಲೀಕನಿಗೆ ವರ್ಷವರ್ಷವೂ ಹಣ ಕೊಡಬೇಕು. ಕಾಫಿ ಮಂಡಳಿಯ ಸಹಾಯಧನವನ್ನು ನೆರಳಿನ ಮರಗಳ ಜಾತಿಗೆ ಜೋಡಿಸಬಹುದು. ಪೊಟರೆ ಹುಡುಕಲು ವಿದ್ವಾಂಸರೇ ಬೇಕಿಲ್ಲ. ಮುಂಗಾರಿಗೆ ಮುನ್ನ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಸವರಲು, ಏರುವ ಕಾರ್ಮಿಕರಿಗೆ ಯಾವ ಮರದಲ್ಲಿ ಏನಿದೆ ಎಂದು ಗೊತ್ತು. ಅವರಿಗೆ ಕೂಲಿ ಕೊಟ್ಟು ಆ ತಿಳಿವಳಿಕೆಯನ್ನು ದಾಖಲಿಸಿಕೊಳ್ಳಬೇಕು. ಮಂಗಟ್ಟೆ ಗೂಡಿನಲ್ಲಿರುವುದು ಬೇಸಿಗೆಯಲ್ಲಿ, ಮರಗಸಿಯೂ ಅದರ ಬೆನ್ನಿಗೇ ಬರುತ್ತದೆ. ಗುರುತಿಸಿದ ಮರಗಳಿಗೆ ಮಾತ್ರ ಮರಿ ಹೊರಬೀಳುವತನಕ ಕತ್ತಿ ತಡೆದರೆ ತೋಟಕ್ಕೆ ಆಗುವ ನಷ್ಟ ಅತ್ಯಲ್ಪ. ಇದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ಬೆಳೆಗಾರರ ಸಂಘಗಳು ಮನಸ್ಸು ಮಾಡಿದರೆ ಮುಂದಿನ ಬೇಸಿಗೆಯಲ್ಲೇ ಶುರುವಾಗಬಹುದು.